ಊರ ಶಾಲೆ, ಕಾನ್ವೆಂಟ್ ಶಾಲೆ ಮತ್ತು ಫೀಯ ಲೆಕ್ಕ



ಏಪ್ರಿಲ್ ಬಂತೆಂದರೆ ನಮ್ಮ ವಿಜಯಪುರದಲ್ಲಿ ಒಂದು ಪ್ರಶ್ನೆ ಮನೆಮನೆ ತಿರುಗುತ್ತದೆ. ತಿಕೋಟಾದ ದ್ರಾಕ್ಷಿ ಬೆಳೆಗಾರರು ಕೇಳುತ್ತಾರೆ, ಬಬಲೇಶ್ವರದ ಕಿರಾಣಿ ಅಂಗಡಿಯವರು ಕೇಳುತ್ತಾರೆ, ನಗರದಲ್ಲಿ ಟಂಟಂ ಓಡಿಸುವವರೂ ಕೇಳುತ್ತಾರೆ: “ಸರ್, ಹುಡುಗನ್ನ ಕಾನ್ವೆಂಟಿಗೆ ಹಾಕೂದೋ, ನಮ್ಮೂರ ಸಾಲಿಗೇ ಕಳಸೂದೋ? ಅಷ್ಟು ರೊಕ್ಕ ಕಟ್ಟಿದ್ದು ಬರೋಬ್ಬರಿ ಆಗತೈತೇನ್ರಿ?” ಸರಕಾರಿ ಶಾಲೆಯಲ್ಲೇ ಓದಿ, ಸರಕಾರಿ ಶಾಲೆಯಲ್ಲೇ ಮಾಸ್ತರಿಕೆ ಮಾಡಿ ನಿವೃತ್ತನಾದ ನನ್ನನ್ನು ಈ ಪ್ರಶ್ನೆ ಬಿಟ್ಟೂ ಬಿಡದೆ ಹಿಂಬಾಲಿಸಿದೆ. ಈ ದತ್ತಿ ಉಪನ್ಯಾಸದ ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದಾಗ ನಾನು ಬೇರೆ ಯೋಚನೆ ಮಾಡಲಿಲ್ಲ.

ಇವತ್ತು ನಾನು ಮಾತಾಡುವುದು ಕ್ಯಾಥೋಲಿಕ್ ಗುರುಗಳು ಮತ್ತು ಸಿಸ್ಟರ್‌ಗಳು ತಾವೇ ನಿಂತು ನಡೆಸುವ ಶಾಲೆಗಳ ಬಗ್ಗೆ. ಯಾವುದೋ ಸಂತರ ಹೆಸರು ಬರೆದ ಬೋರ್ಡು, ಎರಡು ಬಾಡಿಗೆ ಕೋಣೆ, ಒಂದು ಹಳದಿ ವ್ಯಾನು ಇಟ್ಟುಕೊಂಡ ಶಾಲೆಗಳು ನಮ್ಮ ತಾಲೂಕು ಊರುಗಳಲ್ಲಿ ಬಹಳ ಆಗಿವೆ. ಅವುಗಳಲ್ಲಿ ಒಳ್ಳೆಯವೂ ಇದ್ದಾವು. ಆದರೆ ಅಲ್ಲಿ ಸಿಸ್ಟರ್ ಇಲ್ಲ, ಫಾದರ್ ಇಲ್ಲ, ಆ ಪರಂಪರೆಯೂ ಇಲ್ಲ. ಫೀ ಕಟ್ಟುವ ಮೊದಲು ಶಾಲೆ ನಡೆಸುವವರು ಯಾರೆಂದು ವಿಚಾರಿಸಿಕೊಳ್ಳಬೇಕು.

ನನ್ನ ಉತ್ತರವನ್ನು ಮುಂಚೆಯೇ ಹೇಳಿಬಿಡುತ್ತೇನೆ. ಒಳ್ಳೆಯ ಕ್ಯಾಥೋಲಿಕ್ ಶಾಲೆಯಲ್ಲಿ ಕೊಟ್ಟ ಹಣಕ್ಕೆ ಸಮನಾದ ಬೆಲೆಯುಳ್ಳದ್ದು ಒಂದಿದೆ: ಮಗುವಿನ ಮೇಲೆ ವರ್ಷವಿಡೀ ಬಿಡುವಿಲ್ಲದೆ ಇಟ್ಟ ಕಣ್ಣು. ನಮ್ಮಲ್ಲಿ ಹೆಚ್ಚಿನವರು ಫೀ ಕಟ್ಟುವುದು ಇಂಗ್ಲಿಷಿಗೆ. ಈ ಎರಡನ್ನು ಬೇರ್ಪಡಿಸಿ ನೋಡದೆ ಇದ್ದರೆ ಲೆಕ್ಕ ತಪ್ಪುತ್ತದೆ.

ಈ ಊರಿಗೆ ಪಾದ್ರಿಗಳು ಹೊಸಬರಲ್ಲ. 1561ರಲ್ಲಿ ಮೊದಲನೆಯ ಅಲಿ ಆದಿಲ್‌ಶಾಹ ಗೋವೆಗೆ ಹೇಳಿ ಕಳಿಸಿ ವಿದ್ವಾಂಸರಾದ ಪಾದ್ರಿಗಳನ್ನು ತನ್ನ ಆಸ್ಥಾನಕ್ಕೆ ಕರೆಸಿಕೊಂಡ, ಅವರ ಜೊತೆ ಧರ್ಮದ ವಿಚಾರ ಮಾತಾಡಿದ. ಅದೇ ಆದಿಲ್‌ಶಾಹಿ ಸೀಮೆಯ ಮುದಗಲ್ಲಿನಲ್ಲಿ ಹದಿನಾರನೆಯ ಶತಮಾನದಿಂದ ಕ್ಯಾಥೋಲಿಕ್ ಸಮುದಾಯವಿದೆ. ಬಹಳ ಮುಂದೆ, 1885ರಲ್ಲಿ, ಬಾಸೆಲ್ ಮಿಷನ್ ವಿಜಾಪುರದಲ್ಲಿ ನೆಲೆಯೂರಿತು. ಅವರು ಪ್ರಾಟೆಸ್ಟಂಟರು. ಧಾರವಾಡದಲ್ಲಿ ಅವರ ಕೆಲಸ ಅದಕ್ಕೂ ಮೊದಲೇ, 1837ರಿಂದಲೇ, ನಡೆದಿತ್ತು. ಇವತ್ತು ವಿಜಯಪುರ ಜಿಲ್ಲೆಯ ಕ್ಯಾಥೋಲಿಕರು 2005ರಲ್ಲಿ ಸ್ಥಾಪನೆಯಾದ ಕಲಬುರಗಿ ಧರ್ಮಪ್ರಾಂತಕ್ಕೆ ಸೇರಿದವರು. ಜಿಲ್ಲೆಯಲ್ಲಿ ಕ್ರೈಸ್ತರ ಪ್ರಮಾಣ ನೂರಕ್ಕೆ ಒಂದೂ ಇಲ್ಲ. ಅಂದರೆ ಆ ಶಾಲೆಗಳ ಬೆಂಚಿನ ಮೇಲೆ ಕೂತವರು ಬಹುಪಾಲು ನಮ್ಮ ನಿಮ್ಮ ಮನೆಯ ಮಕ್ಕಳು: ಲಿಂಗಾಯತರು, ಮುಸಲ್ಮಾನರು, ಕುರುಬರು, ದಲಿತರು, ಜೈನರು.

ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಒಬ್ಬ ವಿದ್ಯಾರ್ಥಿಯ ಸಂಗತಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಒಬ್ಬ ಹುಡುಗ ಕಾಲೇಜು ಓದಲು ಮುಂಬಯಿಗೆ ಹೋದ. ಸೇರಿದ್ದು ಯೇಸುಸಭೆಯ ಪಾದ್ರಿಗಳು ನಡೆಸುತ್ತಿದ್ದ ಸೇಂಟ್ ಝೇವಿಯರ್ಸ್ ಕಾಲೇಜಿಗೆ. ಮುಂದೆ ವಕೀಲಿ ಓದಿ ವಿಜಾಪುರಕ್ಕೆ ಬಂದು ನೆಲೆಸಿದ. ಅವರೇ ಫ. ಗು. ಹಳಕಟ್ಟಿಯವರು. ತಾಳೆಗರಿಗಳನ್ನು ಹುಡುಕಿಕೊಂಡು ಊರೂರು ತಿರುಗಿದವರು, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದವರು, ವಚನ ಅಚ್ಚು ಹಾಕುವುದಕ್ಕಾಗಿ ಮುದ್ರಣಾಲಯವನ್ನೇ ಕಟ್ಟಿದವರು. ಪಾದ್ರಿಗಳ ಕಾಲೇಜಿನಲ್ಲಿ ಓದಿದ್ದರಿಂದ ಅವರ ಶರಣನಿಷ್ಠೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಕಾನ್ವೆಂಟಿಗೆ ಹಾಕಿದರೆ ಮಕ್ಕಳು ಕೈತಪ್ಪಿ ಹೋಗುತ್ತಾರೆ ಎಂದು ಅಂಜುವವರು ಇದನ್ನೊಂದು ನೆನಪಿಡಬೇಕು. ಸಂವಿಧಾನದ 28(3)ನೆಯ ವಿಧಿಯೂ ಅವರ ಬೆನ್ನಿಗಿದೆ. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವ ಶಾಲೆಯೂ ಪಾಲಕರ ಒಪ್ಪಿಗೆ ಇಲ್ಲದೆ ಮಗುವಿಗೆ ಧರ್ಮಬೋಧೆ ಮಾಡುವಂತಿಲ್ಲ.

ಹಳಕಟ್ಟಿಯವರು ಇನ್ನೊಂದನ್ನು ಮಾಡಿದರು. 1910ರಲ್ಲಿ ವಿಜಾಪುರದಲ್ಲಿ ಬಿಎಲ್‌ಡಿಇ ಸಂಸ್ಥೆಗೆ ಅಡಿಪಾಯ ಹಾಕಿದರು. ಕಲಿತದ್ದನ್ನು ತಮ್ಮ ಮಕ್ಕಳಿಗಷ್ಟೇ ಉಳಿಸಿಕೊಳ್ಳದೆ, ಅಂಥ ಶಿಕ್ಷಣ ಈ ಜಿಲ್ಲೆಯ ಮಕ್ಕಳಿಗೆ ಇಲ್ಲಿಯೇ ಸಿಗಬೇಕೆಂದು ಊರ ದೊಡ್ಡವರನ್ನು ಕೂಡಿಸಿದರು. ಇವತ್ತು ನಾವು ಕೇಳುತ್ತಿರುವ ಪ್ರಶ್ನೆಗೆ ನೂರು ವರ್ಷದ ಹಿಂದೆ ಈ ಊರು ಕೊಟ್ಟ ಉತ್ತರ ಅದು.

ಈಗ ಆ ಕಣ್ಣಿನ ವಿಚಾರಕ್ಕೆ ಬರುತ್ತೇನೆ. ನಮ್ಮ ಓಣಿಯ ಇಬ್ಬರು ಆರನೆಯ ಇಯತ್ತೆ ಮಕ್ಕಳ ಗಣಿತದ ನೋಟ್‌ಬುಕ್ಕನ್ನು ಒಂದು ದಿನ ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಒಂದು ಸಿಸ್ಟರ್‌ಗಳ ಶಾಲೆಗೆ ಹೋಗುವ ಹುಡುಗಿಯದು, ಇನ್ನೊಂದು ಸರಕಾರಿ ಶಾಲೆಗೆ ಹೋಗುವ ಹುಡುಗನದು. ಹುಡುಗಿಯ ಪುಸ್ತಕದಲ್ಲಿ ಪ್ರತಿ ಪುಟಕ್ಕೂ ತಾರೀಖು, ಪ್ರತಿ ಲೆಕ್ಕದ ಕೆಳಗೆ ಕೆಂಪು ಶಾಯಿ, ತಪ್ಪಿದ್ದಲ್ಲಿ ಗೆರೆ, ಗೆರೆಯ ಕೆಳಗೆ ಅದೇ ಲೆಕ್ಕ ಮತ್ತೊಮ್ಮೆ ಮಾಡಿದ್ದು, ವಾರಕ್ಕೊಮ್ಮೆ ಅವಳ ಅವ್ವನ ಸಹಿ. ಹುಡುಗನ ಪುಸ್ತಕ ಜುಲೈ, ಆಗಸ್ಟ್‌ನಲ್ಲಿ ಅಷ್ಟೇ ಚೆಂದ ಇತ್ತು. ನಿಜ ಹೇಳಬೇಕೆಂದರೆ ಅವನ ಮಾಸ್ತರರು ಭಿನ್ನರಾಶಿ ಹೇಳಿಕೊಟ್ಟ ರೀತಿ ಹೆಚ್ಚು ಸ್ಪಷ್ಟವಾಗಿತ್ತು, ರೊಟ್ಟಿಯ ಚಿತ್ರ ಬರೆಸಿ ಕಾಲು, ಮುಕ್ಕಾಲು ತೋರಿಸಿದ್ದರು. ಸೆಪ್ಟೆಂಬರ್ ಮಧ್ಯದಿಂದ ಮಾತ್ರ ಪುಟಗಳು ಖಾಲಿ. ಮುಂದೆ ಎರಡು ಬೇರೆ ಬೇರೆ ಕೈಯ ಸಹಿ, ಮತ್ತೆ ಖಾಲಿ.

ಆ ಖಾಲಿ ಪುಟಗಳಿಗೆ ಮಾಸ್ತರರನ್ನು ದೂರುವುದು ಅನ್ಯಾಯ. ಸರಕಾರಿ ಶಿಕ್ಷಕನಿಗೆ ಚುನಾವಣೆ ಬಂದರೆ ಚುನಾವಣೆ, ಮತದಾರರ ಪಟ್ಟಿ ಬಂದರೆ ಮತದಾರರ ಪಟ್ಟಿ, ಸಮೀಕ್ಷೆ ಬಂದರೆ ಸಮೀಕ್ಷೆ. 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಮುಗಿಯಲಿಲ್ಲವೆಂದು ಸರಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆಯಲಾಯಿತು. ಅದರ ಮೇಲೆ ಖಾಲಿ ಹುದ್ದೆಗಳು. ಜೂನ್‌ನಲ್ಲಿ ಶಾಲೆ ಸುರುವಾದರೂ ಅತಿಥಿ ಶಿಕ್ಷಕರ ಆದೇಶ ಬರುವವರೆಗೆ ಒಬ್ಬರೇ ಮಾಸ್ತರರು ಮೂರು ಇಯತ್ತೆಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು ಕಲಿಸಿದ್ದನ್ನು ನಾನು ಮಾಡಿಯೂ ಬಲ್ಲೆ, ನೋಡಿಯೂ ಬಲ್ಲೆ.

ಸಿಸ್ಟರ್‌ಗಳ ಶಾಲೆಯಲ್ಲಿ ಇದು ಏಕೆ ಆಗುವುದಿಲ್ಲ? ಅಲ್ಲಿ ಕಲಿಸುವವರಲ್ಲಿ ಹೆಚ್ಚಿನವರು ನಮ್ಮೂರ ಹೆಣ್ಣುಮಕ್ಕಳೇ. ಸಂಬಳ ಸರಕಾರಿ ಶಿಕ್ಷಕರಿಗಿಂತ ಕಡಿಮೆ. ಸ್ಪರ್ಧಾತ್ಮಕ ಪರೀಕ್ಷೆ ಬರೆದು ಬಂದ ಸರಕಾರಿ ಮಾಸ್ತರರ ವಿದ್ಯೆಗೆ ಅವರ ವಿದ್ಯೆ ಮಿಗಿಲೆಂದು ಹೇಳಲು ಬರುವುದಿಲ್ಲ. ವ್ಯತ್ಯಾಸ ಇರುವುದು ವಸತಿಯಲ್ಲಿ. ಸಿಸ್ಟರ್‌ಗಳು ಶಾಲೆಯ ಆವರಣದಲ್ಲೇ ಇರುತ್ತಾರೆ. ಬೆಳಿಗ್ಗೆ ಗೇಟಿನ ಹತ್ತಿರ ಮುಖ್ಯೋಪಾಧ್ಯಾಯಿನಿ ತಾವೇ ನಿಂತಿರುತ್ತಾರೆ. ಯಾವ ಮಗು ಎರಡು ದಿನ ಬಂದಿಲ್ಲ, ಯಾವ ಮಗುವಿನ ಮನೆಯಲ್ಲಿ ಕಷ್ಟವಿದೆ ಅವರಿಗೆ ಗೊತ್ತು. ಒಬ್ಬ ಸಿಸ್ಟರ್ ವರ್ಗವಾಗಿ ಹೋದರೆ ಅದೇ ಸಭೆಯ ಇನ್ನೊಬ್ಬರು ಬಂದು ಅದೇ ದಿನಚರಿ ಮುಂದುವರಿಸುತ್ತಾರೆ.

ನಮ್ಮ ಊರ ಶಾಲೆಗಳಿಗೂ ಒಂದು ಕಾಲಕ್ಕೆ ಈ ಭಾಗ್ಯ ಇತ್ತು. ಮಾಸ್ತರರು ಊರಲ್ಲೇ ಮನೆ ಮಾಡಿಕೊಂಡಿರುತ್ತಿದ್ದರು. ಸಂಜೆ ಗುಡಿಯ ಕಟ್ಟೆಯಲ್ಲಿ ಕೂತಾಗ ತಂದೆಗೆ ಹೇಳುತ್ತಿದ್ದರು, “ನಿನ್ನ ಮಗ ಮಗ್ಗಿ ತಪ್ಪತಾನ, ಸ್ವಲ್ಪ ನೋಡು.” ಈಗ ಬೆಳಿಗ್ಗೆ ಎಂಟಕ್ಕೆ ಅಥಣಿ ರಸ್ತೆಯಲ್ಲಿ ನಿಂತು ನೋಡಿ. ತಿಕೋಟಾ ಕಡೆಯಿಂದ ಮಕ್ಕಳನ್ನು ತುಂಬಿಕೊಂಡ ವ್ಯಾನುಗಳು ವಿಜಯಪುರಕ್ಕೆ ಬರುತ್ತಿರುತ್ತವೆ. ಎದುರುಗಡೆಯಿಂದ ಬೈಕಿನ ಮೇಲೆ, ಬಸ್ಸಿನಲ್ಲಿ, ನಗರದಲ್ಲಿ ಮನೆ ಮಾಡಿಕೊಂಡ ಶಿಕ್ಷಕರು ತಿಕೋಟಾ, ಹೊನವಾಡ, ಬಾಬಾನಗರದ ಶಾಲೆಗಳಿಗೆ ಹೋಗುತ್ತಿರುತ್ತಾರೆ. ಬಬಲೇಶ್ವರದ ರಸ್ತೆಯಲ್ಲೂ ಇದೇ ನೋಟ. ತಿಕೋಟಾ, ಬಬಲೇಶ್ವರ ಎರಡೂ ನಗರದಿಂದ 20–25 ಕಿಲೋಮೀಟರ್. ಶಿಕ್ಷಕರು ನಗರಕ್ಕೆ ಹೋಗಿ ನೆಲೆಸಿದ್ದು ತಮ್ಮ ಮಕ್ಕಳ ಶಾಲೆಗಾಗಿಯೇ. ತಾಯಿತಂದೆಯಾಗಿ ಅವರು ಮಾಡಿದ್ದರಲ್ಲಿ ತಪ್ಪಿಲ್ಲ. ಆದರೆ ಸಂಜೆ ನಾಲ್ಕೂವರೆ ದಾಟಿದ ಮೇಲೆ ಊರ ಮಗುವಿಗೆ ತನ್ನ ಗುರುಗಳ ಮುಖ ಕಾಣುವುದಿಲ್ಲ ಎಂಬುದು ಅದರಿಂದ ಬಂದ ನಷ್ಟ. ಈ ನಷ್ಟವನ್ನು ಯಾವ ಯೋಜನೆಯೂ ತುಂಬಿಕೊಟ್ಟಿಲ್ಲ.

ಇದು ನಮ್ಮೂರಿನ ಅನುಭವ ಮಾತ್ರವಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಮತ್ತು ಅವರ ಸಂಗಡಿಗರು 1982ರಲ್ಲಿ ಪ್ರಕಟಿಸಿದ ಅಧ್ಯಯನ ಅಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ಕ್ಯಾಥೋಲಿಕ್ ಪ್ರೌಢಶಾಲೆಯ ಮಕ್ಕಳು ಸರಕಾರಿ ಶಾಲೆಯ ಮಕ್ಕಳಿಗಿಂತ ಕಲಿಕೆಯಲ್ಲಿ ಮುಂದಿದ್ದಾರೆ ಎಂದು ಅವರು ಹೇಳಿದರು. ಟೀಕಾಕಾರರು ಕೂಡಲೇ ಕೇಳಿದರು: ಮುಂದಿರುವುದು ಶಾಲೆಯಿಂದಲೋ, ಫೀ ಕಟ್ಟಿ ಕಳಿಸುವಷ್ಟು ಕಾಳಜಿ ಇರುವ ಮನೆಯಿಂದಲೋ? ಆ ವಾದ ಇವತ್ತಿಗೂ ಪೂರ್ತಿ ತೀರಿಲ್ಲ. 1993ರಲ್ಲಿ ಆಂಥೋನಿ ಬ್ರೈಕ್, ವ್ಯಾಲೆರಿ ಲೀ, ಪೀಟರ್ ಹಾಲೆಂಡ್ ಇನ್ನಷ್ಟು ಆಳಕ್ಕಿಳಿದು ಕಾರಣ ಹುಡುಕಿದರು. ಬಡವ ಶ್ರೀಮಂತ ಎನ್ನದೆ ಎಲ್ಲ ಮಕ್ಕಳಿಗೂ ಒಂದೇ ಗಟ್ಟಿ ಪಠ್ಯ, ಶಿಕ್ಷಕರಿಗೆ ಮಗುವಿನ ಇಡೀ ಬದುಕಿನ ಬಗ್ಗೆ ಹೊಣೆ, ಶಾಲೆಯೆಂಬುದು ಒಂದು ಕುಟುಂಬದ ಹಾಗೆ ಇರುವುದು. ಇದರ ಲಾಭ ಹೆಚ್ಚು ಸಿಕ್ಕದ್ದು ಬಡ ಮಕ್ಕಳಿಗೆ ಎಂದು ಅವರು ಕಂಡರು. ಗಮನಿಸಿ, ಈ ಕಾರಣಗಳಲ್ಲಿ ಯಾವುದೂ ಹಣದಿಂದ ಮಾತ್ರ ಬರುವಂಥದ್ದಲ್ಲ.

ಇನ್ನು ಇಂಗ್ಲಿಷಿನ ಆಸೆಗೆ ಖಾಸಗಿ ಶಾಲೆಗೆ ಕಟ್ಟುವ ಫೀಯ ಮಾತು. ನಮ್ಮ ನೆರೆಯ ಆಂಧ್ರದಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಒಂದು ದೊಡ್ಡ ಪ್ರಯೋಗ ಮಾಡಿದರು. ಹಳ್ಳಿಯ ಸರಕಾರಿ ಶಾಲೆಯ ಮಕ್ಕಳಲ್ಲಿ ಚೀಟಿ ಎತ್ತಿ, ಕೆಲವರಿಗೆ ಖಾಸಗಿ ಶಾಲೆಯ ಫೀ ಕೊಟ್ಟು ಕಳಿಸಿದರು. ನಾಲ್ಕು ವರ್ಷ ಕಾದು ಪರೀಕ್ಷೆ ಮಾಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತೆಲುಗು ಮತ್ತು ಗಣಿತದಲ್ಲಿ ಎರಡೂ ಕಡೆಯ ಮಕ್ಕಳು ಸಮ. ಖಾಸಗಿಗೆ ಹೋದವರು ಎದ್ದು ಕಾಣುವಂತೆ ಮುಂದಿದ್ದದ್ದು ಹಿಂದಿಯಲ್ಲಿ, ಅದೂ ಸರಕಾರಿ ಶಾಲೆಯಲ್ಲಿ ಹೆಚ್ಚಾಗಿ ಕಲಿಸದ ವಿಷಯ. ಖಾಸಗಿ ಶಾಲೆಗಳು ಇದನ್ನು ಸರಕಾರಿ ಶಾಲೆಯ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಖರ್ಚಿನಲ್ಲಿ ಮಾಡಿದ್ದವು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಅವು ಕ್ಯಾಥೋಲಿಕ್ ಶಾಲೆಗಳಲ್ಲ, ಹಳ್ಳಿಯ ಸಣ್ಣ ಖಾಸಗಿ ಶಾಲೆಗಳು. ನಮ್ಮ ತಾಲೂಕು ಊರುಗಳ ಬೋರ್ಡಿನ ಶಾಲೆಗಳಿಗೆ ಹೆಚ್ಚು ಹತ್ತಿರದವು. ಹೆಸರು ನೋಡಿ ಫೀ ಕಟ್ಟುವವರು ಇದನ್ನು ಓದಬೇಕು.

ನಾನು ಕಂಡ ಮಟ್ಟಿಗೆ ಹೇಳುವುದಾದರೆ, ಮೊದಲ ನಾಲ್ಕು ವರ್ಷ ಮಗುವಿಗೆ ಮನೆಯ ಮಾತಿನಲ್ಲಿ ಓದು ಗಟ್ಟಿಯಾಗಬೇಕು. ಎರಡನೆಯ ಇಯತ್ತೆಯ ಮಗು ಕನ್ನಡದ ಕತೆಯೊಂದನ್ನು ತಡವರಿಸದೆ ಓದಿ, ನಕ್ಕು, ಅವ್ವನಿಗೆ ತನ್ನ ಮಾತಿನಲ್ಲಿ ಹೇಳಬಲ್ಲದಾದರೆ ಆ ಮಗುವಿಗೆ ಐದನೆಯ ಇಯತ್ತೆಯಲ್ಲಿ ಇಂಗ್ಲಿಷ್ ಹತ್ತುವುದು ಕಷ್ಟವಲ್ಲ. ಮನೆಯಲ್ಲಿ ಇಂಗ್ಲಿಷ್ ಗಾಳಿಯೂ ಇಲ್ಲದ ಮಗು ಪಾಠವನ್ನು ಪಟಪಟ ಬಾಯಿಪಾಠ ಒಪ್ಪಿಸುತ್ತದೆ, ಅರ್ಥ ಕೇಳಿದರೆ ಸುಮ್ಮನೆ ನಿಲ್ಲುತ್ತದೆ. ಆ ಮಗುವಿಗೆ ಸಂಜೆ ಟ್ಯೂಷನ್ ಹಚ್ಚುತ್ತಾರೆ. ಟ್ಯೂಷನ್ನಿನ ಅಕ್ಕೋರು ಅದೇ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ತಂದೆ ಎರಡು ಕಡೆ ಹಣ ಕೊಟ್ಟಂತಾಯಿತು, ಮಗು ತಿಳಿದುಕೊಂಡದ್ದು ಕನ್ನಡದಲ್ಲೇ.

ಇದನ್ನು ಕಾಯಿದೆಯಿಂದ ಸರಿಪಡಿಸಬಹುದೆಂದು ನಮ್ಮ ರಾಜ್ಯ ಬಹಳ ವರ್ಷ ನಂಬಿತ್ತು. 1994ರ ಭಾಷಾ ಆದೇಶ ಒಂದರಿಂದ ನಾಲ್ಕರವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಒಪ್ಪಲಿಲ್ಲ. ಮಾಧ್ಯಮವನ್ನು ಆರಿಸುವುದು ಪಾಲಕರ ಹಕ್ಕು ಎಂದಿತು. ಅದೇ ದಿನ ಅದೇ ಪೀಠ ಇನ್ನೊಂದು ತೀರ್ಪನ್ನೂ ಕೊಟ್ಟಿತು. ಪ್ರಮತಿ ಪ್ರಕರಣವೆಂದು ಅದು ಪ್ರಸಿದ್ಧ. ಅಲ್ಪಸಂಖ್ಯಾತರ ಶಾಲೆಗಳು, ಅನುದಾನ ಇರಲಿ ಇಲ್ಲದಿರಲಿ, ಶಿಕ್ಷಣ ಹಕ್ಕು ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ಅದರ ತಾತ್ಪರ್ಯ. ಆ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಖಾಸಗಿ ಶಾಲೆಗಳು ನೂರಕ್ಕೆ 25 ಸೀಟು ಬಡ ಮಕ್ಕಳಿಗೆ ಬಿಡಬೇಕು ಎನ್ನುತ್ತದೆ. ಕ್ಯಾಥೋಲಿಕ್ ಶಾಲೆಗಳಿಗೆ ಆ ಕಟ್ಟು ಇಲ್ಲವಾಯಿತು. 2025ರ ಸೆಪ್ಟೆಂಬರ್ 1ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಪ್ರಮತಿ ತೀರ್ಪನ್ನೇ ಸಂದೇಹದಿಂದ ನೋಡಿ, ದೊಡ್ಡ ಪೀಠ ಮತ್ತೆ ಪರಿಶೀಲಿಸಬೇಕೆಂದು ಹೇಳಿದೆ.

ಇತ್ತ ಕರ್ನಾಟಕ ಸರಕಾರ 2019–20ರ ಸಾಲಿನಿಂದ, ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ 25ರ ಸೀಟು ಇಲ್ಲವೆಂದು ನಿಯಮ ತಿದ್ದಿತು. ನಮ್ಮ ಯಾವ ಊರಿನಲ್ಲಿ ಸರಕಾರಿ ಶಾಲೆ ಇಲ್ಲ? ಹೀಗಾಗಿ ತಿಕೋಟಾದ ದ್ರಾಕ್ಷಿ ತೋಟದಲ್ಲಿ ದಿನಗೂಲಿ ಮಾಡುವ ತಾಯಿಗೆ ಕಾನ್ವೆಂಟಿನ ಬಾಗಿಲು ತೆರೆಯುವುದು ಫೀಯಿಂದ ಮಾತ್ರ, ಇಲ್ಲವೇ ಸಿಸ್ಟರ್‌ಗಳ ಕರುಣೆಯಿಂದ. ಕರುಣೆ ಅವರಲ್ಲಿದೆ. ಫೀಯಲ್ಲಿ ರಿಯಾಯಿತಿ ಪಡೆದು ಓದಿದ ಮಕ್ಕಳು ನನಗೆ ಗೊತ್ತು. ಆದರೆ ಹಕ್ಕಿಗೂ ಕರುಣೆಗೂ ಬಹಳ ಅಂತರವಿದೆ. ಹೆಸರಿನಲ್ಲಿ ಸೇವೆಯನ್ನಿಟ್ಟುಕೊಂಡ ಶಾಲೆಗಳು ಕೋರ್ಟಿನ ದಾರಿ ಕಾಯದೆ, ತಾವಾಗಿಯೇ ಪ್ರತಿ ವರ್ಷ ಇಷ್ಟು ಸೀಟು ಕೂಲಿಯವರ ಮಕ್ಕಳಿಗೆ ಎಂದು ಫಲಕ ಹಾಕಬೇಕೆಂದು ಈ ವೇದಿಕೆಯಿಂದ ಕೈಮುಗಿದು ಕೇಳುತ್ತೇನೆ. ಸಂವಿಧಾನದ 30ನೆಯ ವಿಧಿ ಅವರಿಗೆ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ, ಬಡವರನ್ನು ಒಳಗೆ ಕರೆದುಕೊಳ್ಳುವುದಕ್ಕೆ ಅದು ಅಡ್ಡ ಬರುವುದಿಲ್ಲ.

ಸರಕಾರಿ ಶಾಲೆ ಏನು ಕೊಡುತ್ತದೆ ಎಂಬುದನ್ನು ನಾವು ಉಂಡು ಮರೆತವರ ಹಾಗೆ ಮಾತಾಡುತ್ತೇವೆ. ಅಕ್ಷರ ದಾಸೋಹ 2002ರಲ್ಲಿ ಸುರುವಾದದ್ದೇ ನಮ್ಮ ವಿಜಾಪುರ ಸೇರಿ ಏಳು ಜಿಲ್ಲೆಗಳಲ್ಲಿ. 2013ರಿಂದ ಹಾಲು. 2021ರ ಡಿಸೆಂಬರ್‌ನಿಂದ ಮೊಟ್ಟೆ, ಬಾಳೆಹಣ್ಣು, ಅದರ ಮೊದಲ ಹಂತದ ಜಿಲ್ಲೆಗಳಲ್ಲೂ ವಿಜಯಪುರ ಇತ್ತು. ಪಠ್ಯಪುಸ್ತಕ, ಸಮವಸ್ತ್ರ ಪುಕ್ಕಟೆ. ಕಬ್ಬು ಕಡಿಯಲು, ಗೋವೆಯಲ್ಲಿ ಗಾರೆ ಕೆಲಸ ಮಾಡಲು ಹೋದ ಮನೆಯ ಮಗು ಫೆಬ್ರವರಿಯಲ್ಲಿ ತಿರುಗಿ ಬಂದರೂ ಊರ ಶಾಲೆ ‘ತಡವಾಯಿತು’ ಎನ್ನುವ ಹಾಗಿಲ್ಲ. ಶಿಕ್ಷಣ ಹಕ್ಕು ಕಾಯಿದೆಯ 15ನೆಯ ಕಲಮು ಅದನ್ನೇ ಹೇಳುತ್ತದೆ. ಬೇರೆ ಯಾವ ಶಾಲೆ ಆ ಮಗುವನ್ನು ಕೂಡಿಸಿಕೊಳ್ಳುತ್ತದೆ? ರಾಜ್ಯ ಪಠ್ಯಕ್ರಮದ ಕಾನ್ವೆಂಟ್ ಇರಲಿ, ಸರಕಾರಿ ಪ್ರೌಢಶಾಲೆ ಇರಲಿ, ಕೊನೆಗೆ ಬರೆಯುವುದು ಒಂದೇ ಎಸ್ಸೆಸ್ಸೆಲ್ಸಿ ಪರೀಕ್ಷೆ. ಶಾಲೆಯ ಗೋಡೆಗೆ ಹಾಕಿದ ‘ನೂರಕ್ಕೆ ನೂರು’ ಬ್ಯಾನರನ್ನು ಪೂರ್ತಿ ನಂಬಬೇಡಿ. ಪರೀಕ್ಷಾ ಕೋಣೆಗಳಿಗೆ ಕ್ಯಾಮರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ 2024ರಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳಿಯಿತು.

ಲೆಕ್ಕಕ್ಕೆ ಬರೋಣ. ಫೀ ಶಾಲೆಯಿಂದ ಶಾಲೆಗೆ ಬೇರೆ, ಆದ್ದರಿಂದ ನಾನೊಂದು ಉದಾಹರಣೆ ಇಟ್ಟುಕೊಳ್ಳುತ್ತೇನೆ. ಫೀ, ವ್ಯಾನು, ಪುಸ್ತಕ, ಬೂಟು, ಟ್ಯೂಷನ್ ಎಲ್ಲ ಸೇರಿ ವರ್ಷಕ್ಕೆ 40 ಸಾವಿರ ರೂಪಾಯಿ ಎಂದುಕೊಳ್ಳಿ. ಒಂದರಿಂದ ಹತ್ತರವರೆಗೆ 4 ಲಕ್ಷ. ಇಬ್ಬರು ಮಕ್ಕಳಾದರೆ 8 ಲಕ್ಷ. ನೌಕರಿಯ ಸಂಬಳವಿದ್ದ ಮನೆಗೆ ಇದು ಭಾರ, ಆದರೆ ಹೊರಬಲ್ಲ ಭಾರ. ತಿಕೋಟಾದ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಹಣ ಬರುವುದು ಬೆಳೆ ಕೊಯ್ದು, ಮಣೂಕ ಒಣಗಿಸಿ, ತಾಸಗಾಂವ ಪೇಟೆಗೋ ವಿಜಯಪುರಕ್ಕೋ ಒಯ್ದು ಮಾರಿದಾಗ. ಒಂದು ಅಕಾಲಿಕ ಮಳೆ ಬಂದರೆ ಆ ವರ್ಷ ಕೈ ಖಾಲಿ. ಫೀ ಮಾತ್ರ ಜೂನ್‌ಗೆ ಕಟ್ಟಲೇಬೇಕು. ಆಗ ಸಂಘದ ಸಾಲ, ಫೈನಾನ್ಸಿನವರ ಸಾಲ. ಮೂರನೆಯ ಇಯತ್ತೆಯ ಫೀಗಾಗಿ ಸಾಲ ಮಾಡಬೇಡಿ ಎಂದು ನಾನು ನೇರವಾಗಿ ಹೇಳುತ್ತೇನೆ. ಆ ಮಗುವಿಗೆ ನಿಜವಾಗಿ ಹಣ ಬೇಕಾಗುವುದು ಎಸ್ಸೆಸ್ಸೆಲ್ಸಿ ಆದ ಮೇಲೆ: ಪಿಯು ವಿಜ್ಞಾನ, ಹಾಸ್ಟೆಲು, ಡಿಪ್ಲೊಮಾ, ನರ್ಸಿಂಗ್, ಇಂಜಿನಿಯರಿಂಗ್. ಹತ್ತು ವರ್ಷ ಫೀ ಕಟ್ಟಿ ಸೋತ ತಂದೆ ಆ ಹೊತ್ತಿಗೆ ‘ಸಾಕು, ಅಂಗಡಿ ನೋಡಿಕೊ’ ಎಂದದ್ದನ್ನು ಕಂಡು ನನಗೆ ಸಂಕಟವಾಗಿದೆ.

ಹಾಗಾದರೆ ಯಾವಾಗ ಫೀ ಕಟ್ಟಬೇಕು? ಮೊದಲು ನಿಮ್ಮ ಊರ ಶಾಲೆಗೆ ಹೋಗಿ ನೋಡಿ. ಇಯತ್ತೆಗೆ ತಕ್ಕಷ್ಟು ಶಿಕ್ಷಕರಿದ್ದು, ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿ ಕಾಣುತ್ತಿದ್ದರೆ ನಾಲ್ಕನೆಯ ಇಯತ್ತೆಯವರೆಗೆ ಮಗುವನ್ನು ಅಲ್ಲಿಯೇ ಇರಿಸಿ. ಐದಕ್ಕೋ ಎಂಟಕ್ಕೋ, ಶಕ್ತಿಯಿದ್ದರೆ, ಸಿಸ್ಟರ್‌ಗಳ ಶಾಲೆ ವಿಚಾರ ಮಾಡಿ. ನಾಲ್ಕು ಇಯತ್ತೆಗೆ ಒಬ್ಬರೇ ಮಾಸ್ತರರಿದ್ದು, ಎಸ್‌ಡಿಎಂಸಿ ಕರೆದರೂ ಯಾರೂ ಬಾರದ ಊರಾದರೆ, ಫೀ ಕಟ್ಟುವ ಶಕ್ತಿಯಿರುವ ತಂದೆತಾಯಿಗೆ ಮಗುವನ್ನು ಅಲ್ಲೇ ಕೂಡಿಸಿ ಎಂದು ಹೇಳುವ ಧೈರ್ಯ ನನಗಿಲ್ಲ. ಮಗುವಿನ ವರ್ಷಗಳು ತಿರುಗಿ ಬರುವುದಿಲ್ಲ. ಆದರೆ ಅವರಿಗೂ ಒಂದು ಮಾತು. ಮಗುವನ್ನು ಕರೆದೊಯ್ದರೂ ಊರ ಶಾಲೆಯ ಸಭೆಗೆ ಬರುವುದನ್ನು ಬಿಡಬೇಡಿ. ಅರ್ಜಿ ಬರೆಯಬಲ್ಲವರು, ಬಿಇಒ ಕಚೇರಿಗೆ ಹೋಗಿ ಶಿಕ್ಷಕರನ್ನು ಕೇಳಬಲ್ಲವರು, ಪಂಚಾಯಿತಿಯಲ್ಲಿ ಮಾತಿಗೆ ಬೆಲೆ ಇರುವವರು ಎಲ್ಲರೂ ವ್ಯಾನು ಹತ್ತಿಸಿ ಸುಮ್ಮನಾದರೆ ಉಳಿದ ಮಕ್ಕಳ ಪರವಾಗಿ ಕೇಳುವವರು ಯಾರೂ ಇರುವುದಿಲ್ಲ. ಬಬಲೇಶ್ವರದಲ್ಲಿ, ತಿಕೋಟಾದಲ್ಲಿ ಒಬ್ಬಿಬ್ಬರು ಶಿಕ್ಷಕರಾದರೂ ಊರಲ್ಲೇ ಉಳಿಯುವಂತೆ ಬಾಡಿಗೆ ಇಲ್ಲದ ಮನೆ ಕೊಡಲು ಊರವರು ಮುಂದೆ ಬರಬಹುದು. ಮಠಗಳು, ಗುಡಿಯ ಟ್ರಸ್ಟುಗಳು, ಸಕ್ಕರೆ ಕಾರಖಾನೆಗಳು ಇರುವ ಸೀಮೆ ಇದು. ಅದು ದೊಡ್ಡ ಖರ್ಚೂ ಅಲ್ಲ.

ಕೊನೆಗೆ, ಎಲ್ಲಕ್ಕಿಂತ ನನ್ನನ್ನು ಕಾಡುವ ಸಂಗತಿ. ಒಂದೇ ಮನೆಯಲ್ಲಿ ಮಗ ವ್ಯಾನು ಹತ್ತಿ ಕಾನ್ವೆಂಟಿಗೆ ಹೋಗುತ್ತಾನೆ, ಮಗಳು ಚೀಲ ಹೆಗಲಿಗೇರಿಸಿ ಊರ ಶಾಲೆಗೆ ನಡೆಯುತ್ತಾಳೆ. ಕೇಳಿದರೆ ತಾಯಿಯೇ ಹೇಳುತ್ತಾಳೆ, “ಇಬ್ಬರಿಗೂ ಕಟ್ಟೂದು ಆಗಂಗಿಲ್ರಿ ಸರ್, ಆಕಿ ಹೆಂಗೂ ಕೊಟ್ಟ ಮನೀಗೆ ಹೋಗಾಕಿ.” ಹುಡುಗಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುತ್ತಾಳೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇಕಡಾ 67. ಹೆಣ್ಣುಮಕ್ಕಳದು ಸುಮಾರು 57. 2003ರಲ್ಲಿ ಸ್ಥಾಪನೆಯಾದ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ನಮ್ಮ ತೊರವಿಯಲ್ಲೇ ಇದೆ, ಅದಕ್ಕೆ ಅಕ್ಕಮಹಾದೇವಿಯ ಹೆಸರಿದೆ. ತಿಕೋಟಾಕ್ಕೆ ಹೋಗುವ ದಾರಿಯಲ್ಲೇ ಅದರ ಗೇಟು.

ಫೀ ಕಟ್ಟುವುದಾದರೆ ಇಬ್ಬರಿಗೂ ಕಟ್ಟಿ. ಇಬ್ಬರಿಗೆ ಆಗುವುದಿಲ್ಲ ಎಂದಾದರೆ ಇಬ್ಬರನ್ನೂ ಊರ ಶಾಲೆಗೆ ಹಾಕಿ, ಆ ಹಣವನ್ನು ಇಬ್ಬರ ಹೆಸರಿನಲ್ಲಿ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಇಡಿ. ಒಬ್ಬರಿಗೆ ಮಾತ್ರ ಎನ್ನುವ ಕಷ್ಟ ಬಂದರೆ, ಮತ್ತು ಊರಲ್ಲಿ ಪ್ರೌಢಶಾಲೆ ದೂರವಿದ್ದರೆ, ಮೊದಲು ಮಗಳನ್ನು ಸಿಸ್ಟರ್‌ಗಳ ಶಾಲೆಗೆ ಕಳಿಸಿ ಎನ್ನುತ್ತೇನೆ. ಹೆಣ್ಣುಮಗುವಿನ ಸುರಕ್ಷತೆ, ಶೌಚಾಲಯ, ಮುಟ್ಟಿನ ದಿನಗಳಲ್ಲಿ ಮಾತಾಡಿಸುವ ಒಬ್ಬ ಹೆಣ್ಣುಮಗಳು, ಈ ವಿಷಯಗಳಲ್ಲಿ ಆ ಶಾಲೆಗಳು ಬಹಳ ಕಾಲದಿಂದ ಪಳಗಿವೆ. ಹುಡುಗರು ಸೈಕಲ್ ಮೇಲೆ ಎಲ್ಲಿಗಾದರೂ ಹೋಗಿ ಓದುತ್ತಾರೆ, ಹುಡುಗಿಯ ಓದು ನಿಲ್ಲುವುದು ಇಂಥ ಕಾರಣಗಳಿಗೇ. ಹತ್ತಾದ ಮೇಲೆ ನಗರದ ಕಾಲೇಜು ದೂರ ಎನ್ನುವ ನೆವವೂ ಈಗ ಉಳಿದಿಲ್ಲ. 2023ರ ಜೂನ್ 11ರಿಂದ ತಿಕೋಟಾ, ಬಬಲೇಶ್ವರದ ಹುಡುಗಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣ ಬೇಕಿಲ್ಲ. ಆಕೆಗೆ ಬೇಕಿರುವುದು ಪಿಯು ಪ್ರವೇಶದ ಹಣ, ಪುಸ್ತಕ, ಮತ್ತು ಸಂಜೆ ಆರಕ್ಕೆ ಬಸ್ಸಿಳಿದು ಬರುವವಳನ್ನು ಊರಲ್ಲಿ ಯಾರೂ ಆಡಿಕೊಳ್ಳದಂತೆ ನೋಡಿಕೊಳ್ಳುವ ತಂದೆ.